ಊಟದ ಕೋಣೆಯಲ್ಲಿ ಬರೆದ ತಿದ್ದುಪಡಿ

ಆ ಮನೆಗೆ ನಾನು ಮೊದಲು ಹೋದದ್ದು ಅಳತೆ ಟೇಪು, ಕ್ಯಾಮೆರಾ ಮತ್ತು ಒಂದು ಕ್ಲಿಪ್‌ಬೋರ್ಡು ಹಿಡಿದುಕೊಂಡು, ಫೆಬ್ರವರಿಯ ಒಂದು ಬೆಳಗ್ಗೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ನಮ್ಮ ಆಫೀಸಿನಿಂದ ಹದಿನೈದು ನಿಮಿಷದ ದಾರಿ. ಕ್ಯಾಂಪ್‌ಬೆಲ್‌ನ ಪುಟ್ಟ ಪೇಟೆಬೀದಿ ದಾಟಿ ಎರಡು ತಿರುವು. ಹಳೆಯ ಕಟ್ಟಡಗಳ ಬಗ್ಗೆ ವರದಿ ಬರೆಯುವ ಸಣ್ಣ ಸಂಸ್ಥೆಯೊಂದರಲ್ಲಿ ನನಗೆ ಕೆಲಸ. ಹಳೆಯ ಮನೆಯನ್ನು ಕೆಡವಬಾರದು ಎಂದು ಯಾರಾದರೂ ಅರ್ಜಿ ಹಾಕಿದಾಗ ನಗರಾಡಳಿತ ನಮ್ಮಂಥವರನ್ನು ಕರೆಯುತ್ತದೆ. ಮನೆಗೆ ಇತಿಹಾಸದಲ್ಲಿ ಸ್ಥಾನವಿದೆಯೋ ಇಲ್ಲವೋ ಎಂದು ನಾವು ಹೇಳಬೇಕು. ಇದೆ ಎಂದಾದರೆ ಮನೆ ಪಾರಂಪರಿಕ ಪಟ್ಟಿಗೆ ಸೇರುತ್ತದೆ, ಆಮೇಲೆ ಅದನ್ನು ಕೆಡವುವುದು ಸುಲಭವಲ್ಲ. ಇಲ್ಲ ಎಂದಾದರೆ ಬುಲ್ಡೋಜರು ಬರುತ್ತದೆ.

ಈ ಸಲ ಅರ್ಜಿ ಹಾಕಿದ್ದವರು ಅದೇ ಮನೆಯಲ್ಲಿ ವಾಸವಾಗಿದ್ದ ಮಹಿಳೆ. ಎಪ್ಪತ್ತು ದಾಟಿದವರು, ಶಾಲೆಯೊಂದರ ಕೆಫೆಟೇರಿಯಾದಲ್ಲಿ ಅಡುಗೆ ಮಾಡಿ ನಿವೃತ್ತರಾಗಿದ್ದರು. ಜೊತೆಗೆ ಅವರ ತಮ್ಮ, ಅರವತ್ತು ದಾಟಿದವನು. ಅವನ ಬುದ್ಧಿ ಏಳೆಂಟು ವರ್ಷದ ಮಗುವಿನಷ್ಟಕ್ಕೇ ನಿಂತಿತ್ತು. ಹತ್ತಿರದ ಗ್ರೋಸರಿ ಅಂಗಡಿಯಲ್ಲಿ ವಾರಕ್ಕೆ ನಾಲ್ಕು ದಿನ ಗಿರಾಕಿಗಳ ಸಾಮಾನನ್ನು ಚೀಲಕ್ಕೆ ತುಂಬಿಕೊಡುವ ಕೆಲಸ ಮಾಡುತ್ತಿದ್ದ; ನಡೆದೇ ಹೋಗಿ ನಡೆದೇ ಬರುತ್ತಿದ್ದ. ಆ ದಾರಿ ಬಿಟ್ಟರೆ ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಮನೆಯಲ್ಲಿ ಅಕ್ಕ ತಮ್ಮನಿಗೆ ಇದ್ದದ್ದು ನಾಲ್ಕರಲ್ಲೊಂದು ಪಾಲು. ಉಳಿದದ್ದು ಬೇರೆ ರಾಜ್ಯಗಳಲ್ಲಿದ್ದ ದೊಡ್ಡಪ್ಪನ ಮಕ್ಕಳದು. ಅವರಿಗೆ ಮನೆ ಮಾರಬೇಕಿತ್ತು. ಕೊಳ್ಳಲು ಬಂದ ಬಿಲ್ಡರಿಗೆ ಅಲ್ಲಿ ಟೌನ್‌ಹೌಸು ಎನ್ನುವ ಸಾಲುಮನೆಗಳನ್ನು ಕಟ್ಟಬೇಕಿತ್ತು. ಮನೆ ಪಟ್ಟಿಗೆ ಸೇರಿದರೆ ಬಿಲ್ಡರು ಹಿಂದೆ ಸರಿಯುತ್ತಾನೆ, ತಾವಿಬ್ಬರೂ ಇದ್ದಲ್ಲೇ ಇರಬಹುದು ಎಂದು ಆಕೆ ಅರ್ಜಿ ಹಾಕಿದ್ದರು.

ಅರ್ಜಿಗೆ ಇದ್ದ ಆಧಾರ ಒಂದೇ. ಆ ಮನೆ ಕಟ್ಟಿಸಿದ್ದು ಅವರ ತಂದೆಯ ತಂದೆ, ಕಳೆದ ಶತಮಾನದ ಆರಂಭದಲ್ಲಿ ಎರಡು ಅವಧಿಗೆ ಕ್ಯಾಲಿಫೋರ್ನಿಯಾದ ಶಾಸಕರಾಗಿದ್ದವರು.

ಮೊದಲ ದಿನ ನಾನು ಕಟ್ಟಡವನ್ನಷ್ಟೇ ನೋಡುತ್ತೇನೆ, ಕಥೆಗಳನ್ನು ಕೇಳುವುದಿಲ್ಲ. ಕೇಳಿದರೆ ಕಣ್ಣು ಕೆಡುತ್ತದೆ. ನಾಲ್ಕೂ ಕಡೆಯ ಗೋಡೆಗಳ ಫೋಟೋ ತೆಗೆದೆ. ರೆಡ್‌ವುಡ್ ಮರದ ಹಲಗೆಗಳು ಹಳೆಯವೇ. ಮುಂಭಾಗದ ಕಿಟಕಿಗಳು ಮೂಲದವು; ಗಾಜಿನಲ್ಲಿ ಆ ಕಾಲದ ಸಣ್ಣ ಅಲೆಗಳಿದ್ದವು. ಹಿಂಭಾಗದಲ್ಲಿ ಅಲ್ಯೂಮಿನಿಯಂ ಕಿಟಕಿ ಹಾಕಿದ್ದರು. ಮುಂದಿನ ವರಾಂಡದ ಒಂದು ಮೂಲೆಯನ್ನು ಯಾವಾಗಲೋ ಗೋಡೆ ಎತ್ತಿ ಮುಚ್ಚಿ ಸಣ್ಣ ಕೋಣೆ ಮಾಡಿದ್ದರು. ಇದು ನನ್ನ ಕಣ್ಣಿಗೆ ತಕ್ಷಣ ಬಿತ್ತು. ಮೂಲ ರೂಪ ಕೆಟ್ಟಿದೆ ಎಂದು ವಾದಿಸುವವರಿಗೆ ಇಷ್ಟು ಸಾಕು.

ತಮ್ಮ ನನ್ನ ಹಿಂದೆಯೇ ಸುತ್ತಿದ. ನಾನು ಟೇಪು ಎಳೆದರೆ ಅದರ ಇನ್ನೊಂದು ತುದಿಯನ್ನು ತಾನಾಗಿಯೇ ಹಿಡಿದುಕೊಂಡು ಗೋಡೆಗೆ ಒತ್ತಿ ನಿಲ್ಲುತ್ತಿದ್ದ. ನಾನು ಸಾಕು ಎನ್ನುವವರೆಗೂ ಬಿಡುತ್ತಿರಲಿಲ್ಲ.

ಕೆಲಸ ಮುಗಿಸಿ ಹೊರಡುವಾಗ ಆಕೆ ಅಡುಗೆಮನೆಗೆ ಕರೆದು ಕಾಫಿ ಕೊಟ್ಟರು. ಕಥೆ ಕೇಳದೆ ಬರಲಾಗಲಿಲ್ಲ. ಸ್ಯಾನ್ ಹೊಸೆ ಸುತ್ತಲಿನ ಈ ಕಣಿವೆಯೆಲ್ಲ ಆಗ ಹಣ್ಣಿನ ತೋಟವಂತೆ. ಏಪ್ರಿಕಾಟ್, ಪ್ಲಮ್, ಚೆರ್ರಿ. ಹಣ್ಣುಗಳನ್ನು ಹೆಚ್ಚಿ, ಬೇಯಿಸಿ ಡಬ್ಬಿಗೆ ತುಂಬುವ ಕಾರ್ಖಾನೆಗಳಲ್ಲಿ, ಇಲ್ಲಿನವರು ಕ್ಯಾನರಿ ಎನ್ನುವ ಕಡೆ, ದುಡಿಯುತ್ತಿದ್ದವರು ಹೆಚ್ಚಾಗಿ ಹೆಂಗಸರು. ಸುಗ್ಗಿಯಲ್ಲಿ ಬೆಳಕು ಹರಿಯುವ ಮೊದಲೇ ನಿಂತರೆ ಕತ್ತಲಾದ ಮೇಲೆ ಕೂರುವುದು. ಅವರ ತಾಯಿಯ ತಾಯಿಯೂ ಅಂಥವರಲ್ಲಿ ಒಬ್ಬರು. ಸಿಪ್ಪೆ ಬಿಡಿಸಲು ಪೀಚ್ ಹಣ್ಣುಗಳನ್ನು ಕಾಸ್ಟಿಕ್ ಸೋಡಾದ ನೀರಿಗೆ ಹಾಕುತ್ತಿದ್ದರು. ಅದರಲ್ಲಿ ಕೈಯಾಡಿಸಿ ಆಡಿಸಿ ಆ ಅಜ್ಜಿಯ ಬೆರಳ ತುದಿಗಳಲ್ಲಿ ರೇಖೆಗಳೇ ಉಳಿದಿರಲಿಲ್ಲ. ಚಿಕ್ಕವರಿದ್ದಾಗ ಈಕೆ ಅಜ್ಜಿಯ ಬೆರಳನ್ನು ಇಂಕಿನಲ್ಲಿ ಅದ್ದಿ ಕಾಗದಕ್ಕೆ ಒತ್ತಿಸುತ್ತಿದ್ದರಂತೆ. ಬರಿ ಕಪ್ಪು ಮಚ್ಚೆ ಮೂಡುತ್ತಿತ್ತು.

ಇತ್ತ ತಂದೆಯ ಕಡೆಯ ಅಜ್ಜ ವಿಧಾನಸಭೆಯಲ್ಲಿ, ಹೆಂಗಸರಿಂದ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂಬ ಕಾನೂನಿಗಾಗಿ ಹೋರಾಡಿದರು. ಮುಂದೆ ಅವರ ಮಗ ಆ ಕಾರ್ಮಿಕ ಹೆಂಗಸಿನ ಮಗಳನ್ನೇ ಮದುವೆಯಾದ. ಇದು ಮನೆಯಲ್ಲಿ ಎಲ್ಲರ ಬಾಯಲ್ಲಿದ್ದ ಕಥೆ. ಶಾಲೆಯ ಕೆಲಸದಲ್ಲಿದ್ದಾಗ ಆಕೆ ಪ್ರತಿವರ್ಷ ಮೂರನೇ ತರಗತಿಯ ಮಕ್ಕಳನ್ನು ಕರೆತಂದು ವರಾಂಡದಲ್ಲಿ ಕೂರಿಸಿ ಇದನ್ನು ಹೇಳುತ್ತಿದ್ದರು.

“ನಾನು ಆ ಕಾನೂನಿನ ಮೊಮ್ಮಗಳು ಅಂತ ಮಕ್ಕಳಿಗೆ ಹೇಳ್ತಿದ್ದೆ,” ಎಂದರು. ಅವರು ಆಡಿದ್ದು ಇಂಗ್ಲಿಷಿನಲ್ಲಿ. ನನ್ನ ಕಿವಿಯಲ್ಲಿ ಮಾತ್ರ ಅದು ಉಳಿದಿರುವುದು ಕನ್ನಡದಲ್ಲಿ.

ಮುಂದಿನ ಮೂರು ವಾರ ಕಾಗದದ ಕೆಲಸ. ಮನೆಗೆ ಮಹತ್ವವಿದೆ ಎನ್ನಲು ನಾವು ನಾಲ್ಕು ಪ್ರಶ್ನೆ ಕೇಳುತ್ತೇವೆ: ದೊಡ್ಡ ಘಟನೆಗೆ ಇದು ಸಾಕ್ಷಿಯೇ, ಮುಖ್ಯ ವ್ಯಕ್ತಿಯೊಬ್ಬರ ಬದುಕಿಗೆ ಅಂಟಿಕೊಂಡಿದೆಯೇ, ವಾಸ್ತುಶಿಲ್ಪದಲ್ಲಿ ವಿಶೇಷವೇ, ನೆಲದಡಿ ಏನಾದರೂ ಸಿಗಬಹುದೇ. ಒಂದಕ್ಕೆ ಹೌದು ಎಂದರೆ ಸಾಕು. ಇದೇ ರೀತಿ ಕಟ್ಟಿದ ಮನೆಗಳು ಸುತ್ತಮುತ್ತ ಇನ್ನೂ ಹಲವಾರಿದ್ದವು, ಬಡಗಿ ಯಾರೆಂದೂ ಗೊತ್ತಿಲ್ಲ. ವಾಸ್ತುಶಿಲ್ಪದ ಪ್ರಶ್ನೆ ಬಿದ್ದುಹೋಯಿತು. ನೆಲದಡಿಯ ಪ್ರಶ್ನೆಯೂ ಬಿತ್ತು. ಘಟನೆ ಎಂಬಂಥದ್ದು ಅಲ್ಲಿ ನಡೆದ ದಾಖಲೆ ಇರಲಿಲ್ಲ. ಉಳಿದದ್ದು ವ್ಯಕ್ತಿ.

ಎರಡು ಅವಧಿಗೆ ಶಾಸಕನಾಗಿದ್ದ ಮಾತ್ರಕ್ಕೆ ಯಾರೂ ಮುಖ್ಯ ವ್ಯಕ್ತಿ ಆಗುವುದಿಲ್ಲ. ಏನಾದರೂ ಮಾಡಿರಬೇಕು, ಮಾಡಿದ್ದ ಕಾಲದಲ್ಲಿ ಆ ಮನೆಯಲ್ಲಿರಬೇಕು. ಜಿಲ್ಲಾಡಳಿತದಂಥ ಕೌಂಟಿ ಕಚೇರಿಯಲ್ಲಿ ಕ್ರಯಪತ್ರ ಸಿಕ್ಕಿತು: ಮೊದಲ ಚುನಾವಣೆಗೆ ಮುಂಚೆಯೇ ನಿವೇಶನ ಅವರ ಹೆಸರಿಗೆ ಬಂದಿತ್ತು. ಊರಿನ ಹಳೆಯ ವಿಳಾಸ ಪುಸ್ತಕಗಳಲ್ಲಿ, ಮತದಾರರ ಪಟ್ಟಿಯಲ್ಲಿ ವರ್ಷ ವರ್ಷವೂ ಅದೇ ಬೀದಿ, ಅದೇ ಮನೆ. ಮೈಕ್ರೋಫಿಲ್ಮಿನಲ್ಲಿ ಆ ಕಾಲದ ಸ್ಥಳೀಯ ಪತ್ರಿಕೆ ಓದಿದೆ. ಶಾಲಾ ಮಾಸ್ತರರಾಗಿ ಬಂದವರು, ರಾತ್ರಿ ಓದಿ ವಕೀಲರಾದರು. ಆಮೇಲೆ ಸಣ್ಣ ತೋಟ, ಆಮೇಲೆ ಚುನಾವಣೆ. ಪ್ರಚಾರಕ್ಕೆ ಸೈಕಲ್ಲಿನಲ್ಲಿ ತೋಟ ತೋಟ ಸುತ್ತಿದರು. ರಸ್ತೆ ಮಾಡಿಸಿದರು. ಎರಡನೇ ಅವಧಿಯ ಕೊನೆಗೆ ಕಾಯಿಲೆ ಬಿದ್ದು ರಾಜಕೀಯ ಬಿಟ್ಟರು. ಓದುತ್ತ ಓದುತ್ತ ನನಗೆ ಆ ಮನುಷ್ಯನ ಮೇಲೆ ಒಂದು ಬಗೆಯ ಅಕ್ಕರೆ ಹುಟ್ಟಿತ್ತು. ಈ ವೃತ್ತಿಯಲ್ಲಿ ಅದು ಒಳ್ಳೆಯದಲ್ಲ.

ಕಾನೂನಿನ ವಿಷಯಕ್ಕೆ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊಗೆ ಹೋಗಬೇಕಾಯಿತು. ರಾಜ್ಯದ ಗ್ರಂಥಾಲಯದಲ್ಲಿ ವಿಧಾನಸಭೆಯ ಕಲಾಪದ ದಾಖಲೆಗಳಿವೆ. ಇಟ್ಟಿಗೆ ಗಾತ್ರದ ಸಂಪುಟಗಳು. ಮಸೂದೆಯ ಸಂಖ್ಯೆ ಹಿಡಿದು ಹಿಂದಿನಿಂದ ಮುಂದಕ್ಕೆ ಬರುವುದು ನನ್ನ ಪದ್ಧತಿ. ಕೊನೆಯ ಮತದಾನದಲ್ಲಿ ಹೌದು ಎಂದವರ ಸಾಲಿನಲ್ಲಿ ಅವರ ಹೆಸರಿತ್ತು. ನಾನು ಪೆನ್ಸಿಲು ಕೆಳಗಿಟ್ಟೆ. ಮನೆ ಉಳಿಯಿತು ಅನ್ನಿಸಿತ್ತು.

ಆದರೆ ಎಂಬತ್ತು ಶಾಸಕರ ನಡುವೆ ಒಂದು ಮತ ಯಾವ ಹೋರಾಟವೂ ಅಲ್ಲ. ಮಸೂದೆ ತಂದವರು ಬೇರೆ ಯಾರೋ. ಈತ ಏನು ಮಾಡಿದರು ಎಂದು ಹುಡುಕುತ್ತ ಪುಟ ಹಿಂದಕ್ಕೆ ತಿರುಗಿಸಿದೆ. ಕೆಲವು ದಿನ ಮೊದಲಿನ ಕಲಾಪದಲ್ಲಿ ಒಂದು ತಿದ್ದುಪಡಿ ಇತ್ತು. ಬೇಗ ಕೊಳೆಯುವ ಹಣ್ಣು ತರಕಾರಿಗಳನ್ನು ಕೊಯ್ಯುವ, ಒಣಗಿಸುವ, ಡಬ್ಬಿಗೆ ತುಂಬುವ ಕೆಲಸಕ್ಕೆ ಈ ಕಾನೂನು ಅನ್ವಯಿಸದು ಎಂಬ ಅರ್ಥದ್ದು. ಅಂಗಡಿ, ಹೋಟೆಲು, ಲಾಂಡ್ರಿಯ ಹೆಂಗಸರಿಗೆ ಎಂಟು ಗಂಟೆ. ಕ್ಯಾನರಿಯ ಹೆಂಗಸರಿಗೆ ಮಿತಿಯೇ ಇಲ್ಲ. ಅದನ್ನು ಮಂಡಿಸಿದವರೆಂದು ಮೊದಲ ಸಾಲಿನಲ್ಲೇ ಈ ಅಜ್ಜನ ಹೆಸರಿತ್ತು. ನಾನು ಮೂರು ಸಲ ಓದಿದೆ. ಅದೇ ಹೆಸರಿನ ಬೇರೆ ಶಾಸಕರು ಇರಬಹುದೇ ಎಂದು ಸದಸ್ಯರ ಪಟ್ಟಿ ನೋಡಿದೆ. ಇರಲಿಲ್ಲ.

ಅಷ್ಟಕ್ಕೆ ನಿಲ್ಲಿಸಬಹುದಿತ್ತು, ಆದರೆ ಒಂದೇ ದಾಖಲೆಯ ಮೇಲೆ ಇಂಥ ಮಾತು ಬರೆಯುವಂತಿಲ್ಲ. ಮುಂದಿನ ವಾರ ಇನ್ನೊಂದು ಗ್ರಂಥಾಲಯದಲ್ಲಿ, ಕ್ಯಾನರಿ ಮಾಲೀಕರ ಹಳೆಯ ಸಂಘವೊಂದರ ಕಾಗದಪತ್ರಗಳ ಪೆಟ್ಟಿಗೆಗಳನ್ನು ತೆರೆಸಿದೆ. ಎರಡನೇ ದಿನ ಮಧ್ಯಾಹ್ನ ಆ ಶಾಸಕರದೇ ಸಹಿಯಿದ್ದ ಟೈಪು ಮಾಡಿದ ಕಾಗದ ಸಿಕ್ಕಿತು. ಮಾಲೀಕರು ಈ ಶಾಸಕರ ಮನೆಗೆ ಬಂದು ಊಟಕ್ಕೆ ಕುಳಿತಾಗ ಎಲ್ಲರೂ ಸೇರಿ ಕೂಡಿಸಿದ್ದ ಪದಗಳು ಒಂದಕ್ಷರವೂ ಬದಲಾಗದೆ ಸದನದಲ್ಲಿ ಪಾಸಾದವು ಎಂದು ಅದರಲ್ಲಿ ತಿಳಿಸಿದ್ದರು. ಕಾಗದದ ಭಾಷೆ ಸೌಮ್ಯವಾಗಿತ್ತು. ಹಣ್ಣು ಯಾರಿಗೂ ಕಾಯುವುದಿಲ್ಲ, ತೋಟದವರು ಮುಳುಗಿದರೆ ಹೆಂಗಸರಿಗೂ ಕೆಲಸವಿರದು ಎಂಬುದು ಅವರ ವಾದ. ಕೆಟ್ಟವನಂತೆ ಎಲ್ಲೂ ಕಾಣಲಿಲ್ಲ. ಅದರಿಂದಲೇ ನನಗೆ ಹೆಚ್ಚು ಸಂಕಟವಾದದ್ದು.

ಆಫೀಸಿನಲ್ಲಿ ನಮ್ಮ ಹಿರಿಯ ಇತಿಹಾಸಕಾರರಿಗೆ ಎರಡೂ ಪ್ರತಿಗಳನ್ನು ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ, ಹಾಗಾದರೆ ಮನೆ ಪಟ್ಟಿಗೆ ಸೇರಿತು ಎಂದರು. ನನಗೆ ಅರ್ಥವಾಗಲಿಲ್ಲ. ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಮುಖ್ಯ ವ್ಯಕ್ತಿ ಎಂದರೆ ಒಳ್ಳೆಯ ವ್ಯಕ್ತಿ ಎಂದು ನಿಯಮದಲ್ಲಿ ಎಲ್ಲೂ ಬರೆದಿಲ್ಲ. ಒಂದು ಮತ ಹಾಕಿದ ಶಾಸಕನಾಗಿ ಆತ ಸಾಮಾನ್ಯ. ಸಾವಿರಾರು ಹೆಂಗಸರನ್ನು ಕಾನೂನಿನ ಹೊರಗಿಟ್ಟ ತಿದ್ದುಪಡಿಯ ಕರ್ತೃವಾಗಿ ಆತ ಇತಿಹಾಸದ ಮನುಷ್ಯ. ಅದನ್ನು ಬರೆದದ್ದು ಆ ಮನೆಯ ಊಟದ ಕೋಣೆಯಲ್ಲಿ. ವ್ಯಕ್ತಿ, ಕೃತ್ಯ, ಸ್ಥಳ, ಮೂರೂ ಕೂಡುತ್ತವೆ. ಇಷ್ಟು ಗಟ್ಟಿಯಾದ ಪ್ರಕರಣ ಅವರ ಅನುಭವದಲ್ಲೂ ಅಪರೂಪವಂತೆ.

ವರದಿಯ ಕರಡನ್ನು ನಾಲ್ಕು ದಿನದಲ್ಲಿ ಬರೆದೆ. ನಗರಾಡಳಿತಕ್ಕೆ ಕಳಿಸಿದ ಮೇಲೆ ಅದು ಸಭೆಯ ಕಾರ್ಯಸೂಚಿಯ ಜೊತೆ ವೆಬ್‌ಸೈಟಿನಲ್ಲಿ ಬರುತ್ತದೆ. ಅಲ್ಲಿಯವರೆಗೆ ಅರ್ಜಿದಾರರಿಗಾಗಲಿ ಎದುರು ಪಕ್ಷಕ್ಕಾಗಲಿ ತೋರಿಸಬಾರದು. ಸಭೆಗೆ ಮೂರು ದಿನ ಇರುವಾಗ ಬೇರೆ ಎಲ್ಲರೊಂದಿಗೆ ಆಕೆಯೂ ಓದುತ್ತಾರೆ.

ಆ ದಿನಗಳಲ್ಲಿ ಧಾರವಾಡದಿಂದ ನನ್ನ ತಾಯಿ ಬಂದು ನಮ್ಮ ಜೊತೆಗಿದ್ದರು. ಊಟ ಸೇರುತ್ತಿಲ್ಲವೇಕೆ ಎಂದು ಅವರು ಕೇಳಿದಾಗ ಇಡೀ ಕಥೆ ಹೇಳಿದೆ. ನನ್ನ ಗಂಡ ಬೆಂಗಳೂರಿನವರು, ಎಲ್ಲವನ್ನೂ ನೇರ ನೋಡುವವರು.

“ನೀನು ಕನ್ಸಲ್ಟೆಂಟು. ರಿಪೋರ್ಟು ಸಬ್ಮಿಟ್ ಮಾಡು, ಮನೇನೂ ಉಳಿಯತ್ತೆ, ಎಲ್ರಿಗೂ ಒಳ್ಳೇದೇ ಆಯ್ತಲ್ಲ,” ಎಂದರು.

ಅವ್ವ ಅಳಿಯನ ಮಾತು ಮುಗಿಯುವ ತನಕ ಕಾದರು. ಆಮೇಲೆ ನನ್ನನ್ನು ಕೇಳಿದರು: “ಆ ಹೆಣ್ಣಮಗಳು ಇದನ್ನ ಮೊದಲನೇ ಸಲ ಎಲ್ಲಿ ಓದತಾಳ?”

“ಸಿಟಿ ವೆಬ್‌ಸೈಟಿನ್ಯಾಗ.”

“ಅಂದ್ರ ಊರ ಮಂದಿ ಜೋಡಿನ ಓದತಾಳ. ಹಂಗ ಮಾಡಬ್ಯಾಡವಾ. ಹೋಗಿ ಎದುರಿಗೆ ಕೂತು ಹೇಳಿ ಬಾ.”

ಮರುದಿನ ಆಫೀಸಿನ ಹಿರಿಯರನ್ನು ಕೇಳಿದೆ. ಕರಡು ತೋರಿಸುವಂತಿಲ್ಲ ಎಂದರು. ಆದರೆ ಕಲಾಪದ ದಾಖಲೆ, ಗ್ರಂಥಾಲಯದ ಕಾಗದ ಸಾರ್ವಜನಿಕವಾದವು. ಅವನ್ನು ಯಾರಿಗೆ ಯಾರು ತೋರಿಸಿದರೂ ತಪ್ಪಿಲ್ಲ. ಹೋಗಬೇಕೆಂದು ತಾವು ಹೇಳುವುದಿಲ್ಲ, ಹೋಗಬೇಡವೆಂದೂ ಹೇಳುವುದಿಲ್ಲ ಎಂದು ಸೇರಿಸಿದರು. ನಾನು ನಗರದ ಅಧಿಕಾರಿಗೆ ಇಮೇಲ್ ಕಳಿಸಿ, ಎರಡು ದಾಖಲೆಗಳ ಪ್ರತಿಯನ್ನು ಅರ್ಜಿದಾರರಿಗೂ ಅವರ ದೊಡ್ಡಪ್ಪನ ಮಕ್ಕಳ ವಕೀಲರಿಗೂ ಒಂದೇ ದಿನ ಕೊಡುತ್ತಿದ್ದೇನೆ ಎಂದು ತಿಳಿಸಿದೆ. ವಕೀಲರಿಗೆ ಅಂಚೆಯಲ್ಲಿ ಹೋಯಿತು. ಇನ್ನೊಂದನ್ನು ನಾನೇ ಒಯ್ದೆ. ಸಭೆಗೆ ಇನ್ನೂ ಎರಡು ವಾರವಿತ್ತು.

ಆಕೆ ಬಾಗಿಲು ತೆರೆದ ಕೂಡಲೇ ನನ್ನ ಮುಖ ನೋಡಿ, ಪಟ್ಟಿಗೆ ಸೇರಲಿಲ್ಲವೇ ಎಂದು ಕೇಳಿದರು. ಅದಲ್ಲ, ಕುಳಿತು ಮಾತಾಡೋಣ ಎಂದೆ. ಅಡುಗೆಮನೆಯ ಮೇಜಿನ ಮೇಲೆ ಎರಡು ಹಾಳೆಗಳನ್ನಿಟ್ಟೆ. ಮೊದಲ ಹಾಳೆಯನ್ನು ಅವರು ಬೇಗ ಓದಿದರು. ಕಾನೂನಿನ ಭಾಷೆ, ತಕ್ಷಣ ತಿಳಿಯಲಿಲ್ಲ. ನಾನು ಬೆರಳಿಟ್ಟು ವಿವರಿಸಬೇಕಾಯಿತು. ಎರಡನೆಯದನ್ನು ಓದುವಾಗ ವಿವರಣೆ ಬೇಕಾಗಲಿಲ್ಲ. ಓದಿ ಮುಗಿಸಿ ಮತ್ತೆ ಮೇಲಿನಿಂದ ಓದಿದರು. ಸಹಿಯ ಮೇಲೆ ಬೆರಳು ಸವರಿದರು; ಅವರಿಗೆ ಆ ಸಹಿ ಗೊತ್ತಿತ್ತು.

ಹಾಳೆಯನ್ನು ಮೇಜಿನ ಮೇಲಿಟ್ಟು ಕೇಳಿದರು: “ಇದನ್ನ ಬರೆದರೆ ಮನೆ ಉಳಿಯುತ್ತಾ?”

“ಉಳಿಯೋ ಸಾಧ್ಯತೆ ಜಾಸ್ತಿ.”

“ಬರೆಯದಿದ್ದರೆ?”

“ಸಿಕ್ಕಿದ್ದನ್ನ ಬಿಟ್ಟು ಬರೆಯೋಕೆ ನನಗೆ ಬರಲ್ಲ.”

ಅವರು ತಲೆಯಾಡಿಸಿದರು, ಕೋಪವಿರಲಿಲ್ಲ. ಎದ್ದು ಊಟದ ಕೋಣೆಯ ಬಾಗಿಲಿಗೆ ಹೋಗಿ ನಿಂತರು. ಮೂರು ಕಿಟಕಿಗಳ, ಮರದ ಹಲಗೆ ಹೊದಿಸಿದ ಗೋಡೆಯ ದೊಡ್ಡ ಕೋಣೆ. ನಾನು ಅದರ ಉದ್ದಗಲವನ್ನು ಇಂಚಿನ ಲೆಕ್ಕದಲ್ಲಿ ಬರೆದುಕೊಂಡಿದ್ದೆ. ಅಲ್ಲಿಂದಲೇ ಬೆನ್ನು ತಿರುಗಿಸಿ ನಿಂತು ಅವರು ಮಾತಾಡಿದರು. ಕ್ರಿಸ್‌ಮಸ್ಸಿಗೆ, ಈಸ್ಟರಿಗೆ ತಾಯಿಯ ಕಡೆಯ ಅಜ್ಜಿ ಇಲ್ಲಿಗೆ ಬರುತ್ತಿದ್ದರಂತೆ. ಎಲ್ಲರೂ ಈ ಕೋಣೆಯಲ್ಲಿ ಊಟಕ್ಕೆ ಕುಳಿತರೆ ಅಜ್ಜಿ ಮಾತ್ರ ಅಡುಗೆಮನೆಯಲ್ಲಿ ತಟ್ಟೆ ಹಿಡಿದು ತಿನ್ನುತ್ತಿದ್ದರು. ಎಷ್ಟು ಕರೆದರೂ ಬರುತ್ತಿರಲಿಲ್ಲ. ಬಡವರ ಸಂಕೋಚ ಎಂದು ಎಲ್ಲರೂ ತಿಳಿದಿದ್ದರು. ಮಕ್ಕಳು ನಗುತ್ತಲೂ ಇದ್ದರು.

“ಅವಳಿಗೆ ಗೊತ್ತಿತ್ತಾ?” ಎಂದು ಕೇಳಿದರು.

ನನಗೆ ತಿಳಿಯದು ಎಂದೆ. ಅದಕ್ಕೆ ದಾಖಲೆ ಇರಲಿಲ್ಲ, ಇರುವಂಥದ್ದೂ ಅಲ್ಲ. ಕ್ಯಾನರಿಯ ಹೆಂಗಸರು ಆ ಕಾಲದಲ್ಲಿ ತಮ್ಮ ಪ್ರದೇಶದ ಶಾಸಕನ ಹೆಸರು ತಿಳಿದಿರಲಾರರು ಎಂದು ಸಮಾಧಾನ ಹೇಳಬಹುದಿತ್ತು. ಹೇಳಲಿಲ್ಲ. ಆಗಿನ ಸ್ಥಳೀಯ ಪತ್ರಿಕೆಯಲ್ಲಿ ತಿದ್ದುಪಡಿಯ ಸುದ್ದಿ ಬಂದದ್ದನ್ನು ನಾನು ಆ ವಾರವಷ್ಟೇ ನೋಡಿದ್ದೆ.

ಅಷ್ಟರಲ್ಲಿ ತಮ್ಮ ಕೆಲಸದಿಂದ ಬಂದ. ಅಕ್ಕ ಅಳುತ್ತಿದ್ದುದನ್ನು ನೋಡಿ ಹೆದರಿ, ಅವರ ತೋಳು ಹಿಡಿದು ಪಕ್ಕದಲ್ಲಿ ನಿಂತ. ಏನಿಲ್ಲ, ಅಜ್ಜಿ ನೆನಪಾದಳು ಎಂದು ಅವರು ಅವನಿಗೆ ಹೇಳಿದರು. ನಾನು ನನ್ನ ಚೀಲ ತೆಗೆದುಕೊಂಡು ಹೊರಬಿದ್ದೆ. ಕಾರಿಗೆ ಹೋಗಿ ಕುಳಿತೆ. ಆದರೂ ಮನೆಯಂತೂ ಉಳಿಯುತ್ತದೆ, ಹೀಗೆ ತಿಳಿದದ್ದೇ ಮೇಲು ಎಂದು ನನಗೆ ನಾನೇ ಹೇಳಿಕೊಂಡೆ.

ಸಭೆ ಸಂಜೆ ಆರಕ್ಕೆ. ಐವರು ಸದಸ್ಯರ ಸಮಿತಿ. ನಾನು ಹನ್ನೆರಡು ಸ್ಲೈಡುಗಳಲ್ಲಿ ವರದಿಯನ್ನು ಮಂಡಿಸಿದೆ. ಎರಡನೇ ಪ್ರಶ್ನೆಗೆ, ಮುಖ್ಯ ವ್ಯಕ್ತಿಯ ಪ್ರಶ್ನೆಗೆ, ಹೌದು ಎಂದು ಮುಗಿಸಿದೆ. ನಗರದ ಅಧಿಕಾರಿಯೂ ಪಟ್ಟಿಗೆ ಸೇರಿಸಲು ಶಿಫಾರಸು ಮಾಡಿದರು. ದೊಡ್ಡಪ್ಪನ ಮಕ್ಕಳ ವಕೀಲರು ನಾನು ಎಣಿಸಿದಂತೆಯೇ ಮುಚ್ಚಿದ ವರಾಂಡದ ಚಿತ್ರ ತೋರಿಸಿ, ಮೂಲ ರೂಪ ಉಳಿದಿಲ್ಲ ಎಂದು ವಾದಿಸಿದರು. ಅದಕ್ಕೆ ನನ್ನ ಬಳಿ ಉತ್ತರವಿತ್ತು. ಗೋಡೆ ಬಿಚ್ಚಿದರೆ ಹಳೆಯ ಕಂಬಗಳು ಒಳಗೇ ಇವೆ. ಸದಸ್ಯರಲ್ಲಿ ಮೂವರಾದರೂ ನಮ್ಮ ಕಡೆಗಿದ್ದಾರೆ ಎಂದು ಅವರ ಪ್ರಶ್ನೆಗಳಿಂದಲೇ ತಿಳಿಯುತ್ತಿತ್ತು.

ಆಮೇಲೆ ಅರ್ಜಿದಾರರನ್ನು ಕರೆದರು. ಮೂರು ನಿಮಿಷ. ಆಕೆ ಬರೆದುಕೊಂಡು ಬಂದಿದ್ದ ಕಾಗದವನ್ನು ಬಿಡಿಸಿ, ಒಮ್ಮೆ ನೋಡಿ, ಮಡಿಸಿದರು.

“ನಾನು ಅರ್ಜಿ ವಾಪಸ್ ತಗೊಳ್ತೀನಿ,” ಎಂದರು. “ವರದಿ ಸರಿಯಾಗಿದೆ. ಅದರ ಮೇಲೆ ನನ್ನದೇನೂ ತಕರಾರಿಲ್ಲ. ಮೂವತ್ತು ವರ್ಷ ಆ ವರಾಂಡದಲ್ಲಿ ಮಕ್ಕಳಿಗೆ ಸುಳ್ಳು ಹೇಳಿದೆ, ಗೊತ್ತಿಲ್ಲದೆ. ಈಗ ಗೊತ್ತಾಗಿದೆ. ಪಟ್ಟಿಗೆ ಸೇರಿದರೆ ಬಾಗಿಲಲ್ಲಿ ಒಂದು ಫಲಕ ಹಾಕ್ತೀರಿ, ಅಜ್ಜನ ಹೆಸರು ಬರೀತೀರಿ. ನನ್ನ ಅಜ್ಜಿ ಆ ಊಟದ ಕೋಣೆಯಲ್ಲಿ ಒಂದು ದಿನವೂ ಕೂರಲಿಲ್ಲ. ಅದನ್ನ ಉಳಿಸಿಕೊಡಿ ಅಂತ ನಾನು ಹೇಗೆ ಕೇಳಲಿ?”

ಅಧ್ಯಕ್ಷರು ಆಕೆಗೆ ಎರಡು ಸಲ ಅವಕಾಶ ಕೊಟ್ಟರು. ಇನ್ನೊಂದು ತಿಂಗಳು ಮುಂದೂಡೋಣವೇ ಎಂದರು. ಬೇಡ ಎಂದರು ಆಕೆ. ಅರ್ಜಿದಾರರಿಲ್ಲದಿದ್ದರೂ ಸಮಿತಿ ತಾನಾಗಿಯೇ ಪಟ್ಟಿಗೆ ಸೇರಿಸಬಹುದಿತ್ತು. ಮತಕ್ಕೆ ಹಾಕಿದರು. ವಾಸವಿರುವವರೇ ಬೇಡವೆಂದ ಮೇಲೆ, ವರಾಂಡವೂ ಬದಲಾಗಿರುವಾಗ, ಎಂದು ಒಬ್ಬ ಸದಸ್ಯರು ಮನಸ್ಸು ಬದಲಿಸಿದರು. ಎರಡಕ್ಕೆ ಮೂರು ಮತದಿಂದ, ಮನೆಯನ್ನು ಪಟ್ಟಿಗೆ ಸೇರಿಸುವ ಪ್ರಸ್ತಾಪ ಬಿದ್ದುಹೋಯಿತು. ಕೆಡವುವ ಮೊದಲು ಫೋಟೋ ಮತ್ತು ನಕ್ಷೆಗಳಲ್ಲಿ ದಾಖಲಿಸಬೇಕೆಂಬ ಷರತ್ತು ಹಾಕಿದರು. ಅದೂ ನಮ್ಮದೇ ಕೆಲಸ.

ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಅವರ ಹತ್ತಿರ ಹೋದೆ. ಮನೆಯೇನೂ ತಪ್ಪು ಮಾಡಿಲ್ಲವಲ್ಲ ಎಂದೆ. ನಿಮ್ಮ ತಮ್ಮನ ಗತಿಯೇನು ಎಂದು ಕೇಳಬೇಕೆಂದಿದ್ದೆ. ಅವರೇ ಹೇಳಿದರು, ಅವನದೊಂದೇ ಯೋಚನೆ, ಉಳಿದದ್ದನ್ನು ಸಹಿಸಬಹುದು ಎಂದು. ತಮ್ಮ ಆಗಲೇ ಕಾರಿನಲ್ಲಿ ಕುಳಿತು ಸೀಟ್‌ಬೆಲ್ಟು ಹಾಕಿಕೊಂಡಿದ್ದ.

ದಾಖಲಿಸುವ ಕೆಲಸಕ್ಕೆ ಜೂನಿನಲ್ಲಿ ಹೋದೆ. ಸಾಮಾನೆಲ್ಲ ಖಾಲಿ. ದೊಡ್ಡ ಫಿಲ್ಮಿನ ಕ್ಯಾಮೆರಾ ಸ್ಟ್ಯಾಂಡಿನ ಮೇಲಿಟ್ಟು ಒಂದೊಂದೇ ಕೋಣೆಯ ಚಿತ್ರ ತೆಗೆದೆವು. ಪ್ರತಿ ಚಿತ್ರಕ್ಕೂ ಒಂದು ಮೂಲೆಯಲ್ಲಿ ಅಳತೆಯ ಕೋಲು ನಿಲ್ಲಿಸಬೇಕು. ಊಟದ ಕೋಣೆಯ ಚಿತ್ರಕ್ಕೆ ಬೆಳಕು ಸರಿಹೋಗಲು ಒಂದು ಗಂಟೆ ಹಿಡಿಯಿತು. ಕೀಲಿ ಒಪ್ಪಿಸಲು ಬಂದಿದ್ದ ಆಕೆ ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಎಲ್ಲ ಮುಗಿದ ಮೇಲೆ ನಾನು ಪಕ್ಕದಲ್ಲಿ ಕುಳಿತೆ.

“ನೀವು ಆವತ್ತು ಬಂದು ಹೇಳಿದ್ದು ದೊಡ್ಡ ಮನಸ್ಸು,” ಎಂದರು. “ಆದರೆ ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು. ಮೂರೇ ದಿನ ಮೊದಲು ಓದಿದ್ದರೆ ಸಿಟ್ಟಲ್ಲಿ ಇರ್ತಿದ್ದೆ, ಯೋಚನೆ ಮಾಡೋಕೆ ಹೊತ್ತಿರ್ತಿರಲಿಲ್ಲ. ಸುಮ್ಮನೆ ಕೂತಿರ್ತಿದ್ದೆ. ಅವರು ಮನೆ ಉಳಿಸಿಬಿಡ್ತಿದ್ದರು.”

ಅವ್ವನಿಗೆ ಈ ಮಾತನ್ನು ನಾನು ಹೇಳಲಿಲ್ಲ. ಆ ಎರಡು ವಾರಗಳನ್ನು ಆಕೆಗೆ ಕೊಟ್ಟದ್ದು ನಾನು. ಗೌರವದಿಂದ ಕೊಟ್ಟೆ. ಅದೇ ಎರಡು ವಾರಗಳಲ್ಲಿ ಆಕೆ ತನ್ನ ಮನೆಯನ್ನು ಬಿಟ್ಟುಕೊಡುವ ತೀರ್ಮಾನಕ್ಕೆ ಬಂದರು.

ಮನೆಯ ಚಿತ್ರಗಳಲ್ಲಿ ಯಾವುದಾದರೂ ಬೇಕೇ ಎಂದು ಕೇಳಿದ್ದೆ. ಅಡುಗೆಮನೆಯದು ಒಂದು ಸಾಕು ಎಂದಿದ್ದರು.

ಅದನ್ನು ಕೊಡಲು ಅಕ್ಟೋಬರಿನ ಒಂದು ಶನಿವಾರ ಮೊಡೆಸ್ಟೊಗೆ ಹೋದೆ. ಸ್ಯಾನ್ ಹೊಸೆ ಸುತ್ತಲಿನ ಬೇ ಏರಿಯಾದಲ್ಲಿ ಅವರಿಗೆ ಎಟುಕುವ ಜಾಗ ಇರಲಿಲ್ಲ; ಫ್ರೀವೇಯಲ್ಲಿ ಎರಡು ಗಂಟೆ ದೂರದ ಆ ಊರಿನಲ್ಲಿ ಎರಡು ಕೋಣೆಗಳ ಅಪಾರ್ಟ್‌ಮೆಂಟ್ ಸಿಕ್ಕಿತ್ತು, ಮೊದಲ ಮಹಡಿ. ಅಲ್ಲಿಯೂ ಗ್ರೋಸರಿ ಅಂ‌ಗಡಿಯಲ್ಲಿ ತಮ್ಮನಿಗೆ ಕೆಲಸ ಕೇಳಿದ್ದರು. ಅಂಗಡಿಗೆ ಹೋಗುವ ರಸ್ತೆಯಲ್ಲಿ ಆರು ಸಾಲು ವಾಹನಗಳು ಹರಿಯುತ್ತವೆ. ಎರಡು ಸಲ ಜೊತೆಗೇ ಹೋಗಿ ದಾರಿ ಕಲಿಸಲು ನೋಡಿದರು. ಮೂರನೇ ಸಲ ಅವನು ನಡುರಸ್ತೆಯಲ್ಲಿ ನಿಂತುಬಿಟ್ಟ. ಆಮೇಲೆ ಕಳಿಸುವುದನ್ನು ಬಿಟ್ಟರು. ಇಡೀ ದಿನ ಕಿಟಕಿಯ ಬಳಿ ಕೂರುತ್ತಾನೆ ಎಂದರು. ತೆಳ್ಳಗಾಗಿದ್ದ. ಅವನ ಬಟ್ಟೆಗಳು ಇನ್ನೂ ಪೆಟ್ಟಿಗೆಯಲ್ಲೇ ಇದ್ದವು. ಬೀರುವಿಗೆ ಹಾಕಿದರೆ ಮತ್ತೆ ತೆಗೆದು ಪೆಟ್ಟಿಗೆಗೆ ತುಂಬುತ್ತಾನಂತೆ.

ಕಾಫಿ ಕುಡಿದೆವು. ಚಿತ್ರವನ್ನು ಆಕೆ ಗೋಡೆಗೆ ಹಾಕಲಿಲ್ಲ, ಅವನು ನೋಡದ ಹಾಗೆ ಡ್ರಾಯರಿನಲ್ಲಿ ಮಡಗಿದರು. ನಾನು ಹೊರಡಲು ಎದ್ದಾಗ ತಮ್ಮನೂ ಎದ್ದ. ಷೂ ಹಾಕಿಕೊಂಡ. ಪೆಟ್ಟಿಗೆ ಎತ್ತಿಕೊಂಡು ಬಾಗಿಲ ಹತ್ತಿರ ಬಂದು ನಿಂತು, ಅಕ್ಕನನ್ನು ಕೇಳಿದ, ಮನೆಗೆ ಹೋಗುವುದು ಯಾವಾಗ ಎಂದು.

“ಭಾನುವಾರ,” ಎಂದರು ಆಕೆ. ದಿನವೂ ಹೇಳಿ ಹೇಳಿ ಅಭ್ಯಾಸವಾದ ದನಿ ಅದು.

ಅವನಿಗೆ ನಂಬಿಕೆ ಬರಲಿಲ್ಲವೇನೋ, ನನ್ನ ಕಡೆ ತಿರುಗಿದ. ಅಕ್ಕನೂ ನನ್ನ ಕಡೆ ನೋಡಿದರು. ನಾನು ಅವನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು ಕೆಳಗಿಟ್ಟು, “ಹೌದು, ಭಾನುವಾರ,” ಎಂದೆ.